ಹಾಯಿ ಇಳಿಸುವ ದಿನ

ನೆದರ್ಲೆಂಡ್ಸ್‌ನಲ್ಲಿ ಹಳೆಯ ಹಾಯಿ ಹಡಗೊಂದರಲ್ಲಿ ಮಾಡಿದ ಆರು ದಿನದ ಪ್ರವಾಸದಲ್ಲಿ ಕೊನೆಯ ದಿನದ ಬಗ್ಗೆಯೇ ಜಾಸ್ತಿ ಬರೆಯುತ್ತಿದ್ದೇನೆ. ಮೊದಲ ಐದು ದಿನ ಚೆನ್ನಾಗಿರಲಿಲ್ಲ ಅಂತಲ್ಲ. ಆದರೆ ಆ ಶನಿವಾರ ನಡು ನೀರಿನಲ್ಲಿ ಗಂಗೊಳ್ಳಿಯ ಅಕ್ಕನ ಕೈಗೆ ಚುಕ್ಕಾಣಿ ಬಂದಿದ್ದನ್ನು ಕಣ್ಣಾರೆ ನೋಡಿದೆ. ಅದನ್ನು ಬರೆದಿಡದೆ ಮನಸ್ಸಿಗೆ ಸಮಾಧಾನವಿಲ್ಲ.

ನಾವು ಏಳು ಜನ. ಇಪ್ಪತ್ತು ವರ್ಷದ ಹಿಂದೆ ಒಂದೇ ಕಾಲೇಜಿನಲ್ಲಿ ಓದಿದವರು. ಧಾರವಾಡದ ಗೆಳೆಯ ಮತ್ತು ಅವನ ಹೆಂಡತಿ, ಶಿವಮೊಗ್ಗದಲ್ಲಿ ಪಾಠ ಹೇಳುವ ಮೇಷ್ಟ್ರು, ಬೆಂಗಳೂರಿನ ಇಬ್ಬರು, ಉಡುಪಿಯಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ಗಂಗೊಳ್ಳಿಯ ಅಕ್ಕ, ಮತ್ತೆ ಐಂಡ್‌ಹೋವನ್‌ನಲ್ಲಿ ಎಂಟು ವರ್ಷದಿಂದ ಇರುವ ನಾನು. ಧಾರವಾಡದವನು ಪಿಎಚ್‌ಡಿ ಮುಗಿಸಿದ ದಿನದಿಂದ ನಮಗೆಲ್ಲ ‘ಡಾಕ್ಟ್ರು’. ಅಕ್ಕ ನಮಗಿಂತ ಎರಡು ವರ್ಷ ದೊಡ್ಡವಳು, ಅದಕ್ಕೇ ಎಲ್ಲರಿಗೂ ಅಕ್ಕ.

ಸೋಮವಾರ

ಆಮ್‌ಸ್ಟರ್‌ಡ್ಯಾಮ್‌ನಿಂದ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಹೋದರೆ ಎಂಕ್‌ಹೌಜೆನ್. ಹಳಿ ಅಲ್ಲಿಗೇ ಮುಗಿಯುತ್ತದೆ. ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟರೆ ಬಂದರು. ಹಳೆಯ ಹಾಯಿ ಹಡಗುಗಳು ಸಾಲಾಗಿ ನಿಂತಿರುತ್ತವೆ, ಕಂದು ಹಾಯಿಗಳನ್ನು ಮಡಚಿ ಕಟ್ಟಿಕೊಂಡು.

ನಮ್ಮದು ‘ತ್ಯಾಲ್ಕ್’ ಅನ್ನುವ ಜಾತಿಯ ಹಡಗು. ಕಬ್ಬಿಣದ ಮೈ, ಒಂದೇ ಕಂಬ, ಚಪ್ಪಟೆ ತಳ. ನೂರು ವರ್ಷದ ಹಿಂದೆ ಆಲೂಗಡ್ಡೆ, ಇಟ್ಟಿಗೆ, ಒಲೆಗೆ ಹಾಕುವ ಪೀಟ್ ಮಣ್ಣು ಹೊತ್ತು ಕಾಲುವೆಗಳಲ್ಲಿ ಓಡಾಡುತ್ತಿದ್ದ ಜಾತಿ ಇದು. ಸರಕು ತುಂಬುತ್ತಿದ್ದ ಹೊಟ್ಟೆಯಲ್ಲಿ ಈಗ ಮಲಗುವ ಕೋಣೆಗಳು, ಅಡುಗೆಮನೆ, ಉದ್ದ ಊಟದ ಮೇಜು. ಎರಡು ಪಕ್ಕದಲ್ಲೂ ದೊಡ್ಡ ಬೀಸಣಿಗೆಯಂಥ ಮರದ ಹಲಗೆಗಳು ನೇತಾಡುತ್ತವೆ. ಡಚ್ಚರು ಅದನ್ನು ‘ಜ್ವಾರ್ಡ್’ ಅನ್ನುತ್ತಾರೆ, ಅಂದರೆ ಕತ್ತಿ. ತಳ ಚಪ್ಪಟೆಯಾದ ಹಡಗು ಗಾಳಿ ಬೀಸಿದ ಕಡೆಗೆ ಸುಮ್ನೆ ಜಾರಿಹೋಗುತ್ತದೆ. ಗಾಳಿಯ ಮರೆಯಲ್ಲಿರುವ ಬದಿಯ ಕತ್ತಿಯನ್ನು ನೀರಿಗಿಳಿಸಿದರೆ ಅದು ನೀರನ್ನು ಹಿಡಿದು ಜಾರದಂತೆ ತಡೆಯುತ್ತದೆ.

ಹಡಗಿಗೆ ಇಬ್ಬರೇ ಇಬ್ಬರು. ಹಡಗು ನಡೆಸುವ ಸ್ಕಿಪ್ಪರ್, ಅರವತ್ತು ದಾಟಿದವರು, ಮತ್ತೆ ಅವರ ಸಹಾಯಕ್ಕೆ ಇಪ್ಪತ್ತೈದರ ಆಸುಪಾಸಿನ ಮೇಟ್, ಒಬ್ಬಳು ಹುಡುಗಿ. ಉಳಿದ ಕೈಗಳೆಲ್ಲ ನಮ್ಮವೇ. ಹಾಯಿ ಏರಿಸುವುದು, ಹಗ್ಗ ಬಿಗಿಯುವುದು, ಕತ್ತಿ ಎತ್ತುವುದು, ಎಲ್ಲವನ್ನೂ ಆ ಹುಡುಗಿ ಅರ್ಧ ಗಂಟೆಯಲ್ಲಿ ಹೇಳಿಕೊಟ್ಟಳು. ಹಗ್ಗ ಸುತ್ತುವುದನ್ನು ಮಾತ್ರ ಮೂರು ಸಲ ತೋರಿಸಿದಳು. ಗಡಿಯಾರದ ಮುಳ್ಳು ತಿರುಗುವ ಕಡೆಗೇ ಸುತ್ತಬೇಕು, ಪ್ರತಿ ಸುತ್ತಿಗೂ ಬೆರಳಲ್ಲಿ ಒಂದು ಸಣ್ಣ ತಿರುವು ಕೊಡಬೇಕು. ಇಲ್ಲದಿದ್ದರೆ ಅವಸರದಲ್ಲಿ ಹಾಯಿ ಇಳಿಸುವಾಗ ಹಗ್ಗ ಗಂಟು ಬಿದ್ದು ಸಿಕ್ಕಿಕೊಳ್ಳುತ್ತದೆ. ನಾವು ಸುತ್ತಿಟ್ಟ ಹಗ್ಗಗಳನ್ನು ಅವಳು ಒಂದೂ ಮಾತಾಡದೆ ಬಿಚ್ಚಿ, ಮತ್ತೆ ತಾನೇ ಸುತ್ತಿ ತೂಗುಹಾಕಿದಳು. ಅದು ದಿನಾ ನಡೆಯಿತು.

ಆ ದಿನ ಮೇಡೆಂಬ್ಲಿಕ್‌ವರೆಗೆ ಹೋಗಿ ನಿಂತೆವು. ರಾತ್ರಿ ಊಟಕ್ಕೆ ಅನ್ನ, ಟೊಮೆಟೊ ಸಾರು.

ಮಂಗಳವಾರ

ಉತ್ತರಕ್ಕೆ ಸಾಗಿ ಮಧ್ಯಾಹ್ನದ ಹೊತ್ತಿಗೆ ಕೊರ್ನ್‌ವೆರ್ಡರ್‌ಜಾಂಡ್ ಮುಟ್ಟಿದೆವು. ಎದುರಿಗೆ ದೊಡ್ಡ ಒಡ್ಡು, ಆಫ್‌ಸ್ಲೌಟ್‌ಡೈಕ್. 32 ಕಿಲೋಮೀಟರ್ ಉದ್ದ. ಎಡಕ್ಕೆ ನೋಡಿದರೂ ಬಲಕ್ಕೆ ನೋಡಿದರೂ ಗೆರೆ ಎಳೆದ ಹಾಗೆ ಹೋಗಿ ಮಂಜಿನಲ್ಲಿ ಕರಗುತ್ತದೆ.

ಈ ಒಡ್ಡು ಬರುವ ಮುಂಚೆ ಇಲ್ಲಿ ಐಸೆಲ್ಮೇರ್ ಅನ್ನುವ ಸರೋವರವೇ ಇರಲಿಲ್ಲ. ಜೌಡರ್‌ಜೇ ಅಂತ ಉಪ್ಪು ನೀರಿನ ಸಮುದ್ರವಿತ್ತು. ಡಚ್ ಭಾಷೆಯಲ್ಲಿ ‘ಜೇ’ ಅಂದರೆ ಸಮುದ್ರ, ‘ಮೇರ್’ ಅಂದರೆ ಸರೋವರ. ಬಿರುಗಾಳಿ ಬಂದಾಗಲೆಲ್ಲ ಆ ಸಮುದ್ರ ಉಕ್ಕಿ ದಡದ ಊರುಗಳಿಗೆ ನುಗ್ಗುತ್ತಿತ್ತು. 1916ರ ಜನವರಿಯ ಪ್ರವಾಹ ದೊಡ್ಡ ಪೆಟ್ಟು ಕೊಟ್ಟಿತು. ಕೊರ್ನೆಲಿಸ್ ಲೇಲಿ ಅನ್ನುವ ಎಂಜಿನಿಯರ್ ಎಷ್ಟೋ ವರ್ಷದಿಂದ ಹೇಳುತ್ತಿದ್ದ ಯೋಜನೆಗೆ 1918ರಲ್ಲಿ ಕಾನೂನಿನ ಒಪ್ಪಿಗೆ ಸಿಕ್ಕಿತು. ಒಡ್ಡು ಕಟ್ಟಿದರೆ ಹೊರಗಡೆಯ ಉಬ್ಬರ ಎಷ್ಟು ಏರುತ್ತದೆ ಅಂತ ಲೆಕ್ಕ ಹಾಕಲು ಕೂರಿಸಿದ್ದು ನೊಬೆಲ್ ಪಡೆದ ಭೌತವಿಜ್ಞಾನಿ ಲೊರೆಂಟ್ಸ್ ಅವರನ್ನು. ಅವರ ಸಮಿತಿ ಎಂಟು ವರ್ಷ ಲೆಕ್ಕ ಹಾಕಿತು. 1932ರ ಮೇ 28ರಂದು ಕೊನೆಯ ಸಂದು ಮುಚ್ಚಿತು. ಆಮೇಲೆ ನದಿ ನೀರು ತುಂಬುತ್ತಾ ತುಂಬುತ್ತಾ ಉಪ್ಪು ಹೋಯಿತು, ಸಿಹಿ ನೀರಾಯಿತು.

ಹಡಗುಗಳಿಗೆ ಒಡ್ಡಿನಲ್ಲಿ ಬಾಗಿಲುಗಳಿವೆ. ಹಿಂದಿನ ಬಾಗಿಲು ಮುಚ್ಚಿಕೊಂಡಿತು, ನೀರು ನಿಧಾನವಾಗಿ ಹೊರಗಿನ ಸಮುದ್ರದ ಮಟ್ಟಕ್ಕೆ ಬಂತು, ಮುಂದಿನ ಬಾಗಿಲು ತೆರೆಯಿತು. ಒಳಗೆ ಬರುವ ಮುಂಚೆ ಅಕ್ಕ ಬಕೆಟ್ ಇಳಿಸಿ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡಿದ್ದಳು. ಹೊರಗೆ ಬಂದ ಮೇಲೆ ಮತ್ತೆ ಹಚ್ಚಿಕೊಂಡಳು. “ಈಗ ಸಮುದ್ರ” ಅಂದಳು, ಅಷ್ಟೇ. ರಾತ್ರಿ ಹಾರ್ಲಿಂಗೆನ್‌ನಲ್ಲಿ ಕಳೆಯಿತು.

ಬುಧವಾರ, ಗುರುವಾರ

ಒಡ್ಡಿನ ಹೊರಗಿನ ವಾಡ್ಡೆನ್ ಸಮುದ್ರದ ಬಗ್ಗೆ ಬೇರೆಯಾಗಿಯೇ ಬರೆಯಬೇಕು, ಇಲ್ಲಿ ಎರಡೇ ಮಾತು. ಇಳಿತದ ಹೊತ್ತಿಗೆ ಸ್ಕಿಪ್ಪರ್ ಬೇಕೆಂದೇ ಹಡಗನ್ನು ಮರಳ ದಿಬ್ಬದ ಮೇಲೆ ನಿಲ್ಲಿಸಿದರು. ನೀರು ಇಳಿಯಿತು, ಹಡಗು ಚಪ್ಪಟೆ ತಳದ ಮೇಲೆ ಕೂತುಬಿಟ್ಟಿತು. ಏಣಿ ಹಾಕಿಕೊಂಡು ಸಮುದ್ರದ ತಳಕ್ಕೆ ಇಳಿದು ಬರಿಗಾಲಲ್ಲಿ ನಡೆದಾಡಿದೆವು. ಕಾಲಡಿ ಅಲೆಯ ಗೆರೆಗಳು, ಮರಳ ಹುಳು ಉಗುಳಿದ ಸಣ್ಣ ಸಣ್ಣ ಸುರುಳಿಗಳು. ದೂರದಲ್ಲಿ ಸೀಲ್‌ಗಳು ಮಲಗಿದ್ದವು. ರಾತ್ರಿ ಉಬ್ಬರ ಬಂದಾಗ ಹಡಗು ಮೆಲ್ಲಗೆ ಎದ್ದು ನಿಂತಿದ್ದು ಮಲಗಿದ್ದವರಿಗೆಲ್ಲ ಗೊತ್ತಾಯಿತು.

ಗುರುವಾರ ಟೆರ್‌ಸ್ಕೆಲಿಂಗ್ ದ್ವೀಪ. ಅಲ್ಲಿನ ಬ್ರಾಂಡಾರಿಸ್ ದೀಪಸ್ತಂಭ 1594ರದ್ದು. ಬಾಡಿಗೆ ಸೈಕಲ್ಲಿನಲ್ಲಿ ಸುತ್ತಿದೆವು.

ಶುಕ್ರವಾರ

ಬೆಳಗಿನ ಐದಕ್ಕೇ ಹೊರಟೆವು. ಗಾಳಿಯೇ ಇಲ್ಲ. ಇಡೀ ದಿನ ಎಂಜಿನ್ನಿನ ಸದ್ದು. ಒಡ್ಡಿನ ಬಾಗಿಲು ದಾಟಿ ಸಂಜೆಗೆ ಸ್ತಾವೊರೆನ್ ಸೇರಿದೆವು.

ಒಂದು ಕಾಲಕ್ಕೆ ದೊಡ್ಡ ವ್ಯಾಪಾರದ ಊರು, ಈಗ ಚಿಕ್ಕದು. ಬಂದರಿನಲ್ಲಿ ಒಬ್ಬ ಹೆಂಗಸಿನ ಪ್ರತಿಮೆ ಇದೆ, ಸಮುದ್ರದ ಕಡೆ ನೋಡುತ್ತಾ. ಕಥೆ ಹೀಗೆ. ಅವಳು ಊರಿಗೇ ಶ್ರೀಮಂತೆ. ಜಗತ್ತಿನಲ್ಲೇ ಬೆಲೆಬಾಳುವ ವಸ್ತು ತಾ ಅಂತ ತನ್ನ ನಾವಿಕನನ್ನು ಕಳಿಸಿದಳು. ಅವನು ಹಡಗಿನ ತುಂಬ ಗೋಧಿ ತಂದ. ಅವಳಿಗೆ ಸಿಟ್ಟು ಬಂತು, ಅಷ್ಟನ್ನೂ ನೀರಿಗೆ ಸುರಿಸಿದಳು. ಇದರ ಪಾಪ ಸುತ್ತಿಕೊಳ್ಳುತ್ತದೆ ಅಂದವರ ಮುಂದೆ ಬೆರಳಿನ ಉಂಗುರ ತೆಗೆದು ಎಸೆದು, “ಈ ಉಂಗುರ ವಾಪಸ್ ಬಂದರೆ ನನಗೆ ಬಡತನ ಬರುತ್ತದೆ” ಅಂದಳು. ಸ್ವಲ್ಪ ದಿನಕ್ಕೆ ಊಟಕ್ಕೆ ತಂದ ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕಿತು. ಗೋಧಿ ಸುರಿದ ಜಾಗದಲ್ಲಿ ಮರಳು ಏರಿ, ಕಾಳಿಲ್ಲದ ಹುಲ್ಲು ಬೆಳೆದು, ಬಂದರಿನ ಬಾಯಿ ಕಟ್ಟಿತು.

ಮೀನಿನ ಹೊಟ್ಟೆಯ ಉಂಗುರ ಅಂದ ಕೂಡಲೇ ನಮಗೆ ಶಕುಂತಲೆ ನೆನಪಾದಳು. ಆದರೆ ಅಕ್ಕ ಗೋಧಿಯ ಹತ್ತಿರವೇ ನಿಂತುಬಿಟ್ಟಿದ್ದಳು. “ಅನ್ನವನ್ನು ಹಾಗೆ ಎಸೆಯುವುದುಂಟಾ?” ಅಂದಳು. ಆ ಮರಳ ದಿಬ್ಬ ಈಗಲೂ ಇದೆ. ಹೆಂಗಸಿನ ಮರಳು ಅಂತಲೇ ಅದರ ಹೆಸರು, ವ್ರೌವೆನ್‌ಜಾಂಡ್. ನಕ್ಷೆಯಲ್ಲಿ ಸ್ಕಿಪ್ಪರ್ ಬೆರಳಿಟ್ಟು ತೋರಿಸಿದರು. “ನಾಳೆ ಇದರಿಂದ ದೂರ ಹೋಗಬೇಕು.”

ಶನಿವಾರ

ಏಳಕ್ಕೆ ಎಚ್ಚರವಾದಾಗ ಹಡಗಿನ ಹಗ್ಗಗಳೆಲ್ಲ ಕಂಬಕ್ಕೆ ಬಡಿಯುತ್ತಿದ್ದವು. ಗಾಳಿ ಬಂದಿತ್ತು. ಮೇಲೆ ಹೋದೆ. ಅಕ್ಕ ಆಗಲೇ ಶಾಲು ಹೊದ್ದು ನಿಂತಿದ್ದಳು. “ತೆಂಕು ಪಡುವಿನ ಮಧ್ಯದಿಂದ ಬರ್ತಾ ಉಂಟು” ಅಂದಳು.

ಸ್ಕಿಪ್ಪರ್ ಕಾಫಿ ಲೋಟ ಹಿಡಿದು ನಮ್ಮನ್ನೆಲ್ಲ ಕೂರಿಸಿಕೊಂಡರು. ನೈಋತ್ಯದ ಗಾಳಿ, ಗಾಳಿಯ ಜೋರು ಅಳೆಯುವ ಬೋಫರ್ಟ್ ಲೆಕ್ಕದಲ್ಲಿ ಐದು. ಗಂಟೆಗೆ ಮೂವತ್ತು ಕಿಲೋಮೀಟರ್ ಮೇಲೆ. ಎಂಕ್‌ಹೌಜೆನ್ ಇರುವುದು ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ, ತೆಂಕಿಗೆ. ಅಂದರೆ ಗಾಳಿ ಹೆಚ್ಚುಕಡಿಮೆ ಮುಖಕ್ಕೇ. “ಎಂಜಿನ್ ಹಾಕಿದರೆ ಎರಡು ಗಂಟೆ ಚಿಲ್ಲರೆ. ಹಾಯಿಯಲ್ಲಿ ಹೋದರೆ ಐದಾರು ಗಂಟೆ, ಮೈ ಒದ್ದೆಯಾಗುತ್ತದೆ, ಕೈಗೆ ಬಿಡುವಿಲ್ಲ. ನಿಮ್ಮ ರೈಲು ಎಷ್ಟೊತ್ತಿಗೆ?”

“ರೈಲು ಅರ್ಧ ಗಂಟೆಗೊಂದಿದೆ. ಹಾಯಿಯಲ್ಲೇ ಹೋಗೋಣ” ಅಂದಳು ಅಕ್ಕ. ಬೇರೆ ಯಾರಿಗೂ ಬಾಯಿ ತೆರೆಯುವ ಅವಕಾಶವೇ ಬರಲಿಲ್ಲ.

ಅಡುಗೆಮನೆ ಖಾಲಿ ಮಾಡಬೇಕಿತ್ತು. ನಿನ್ನೆಯ ಅನ್ನ, ಒಂದು ಕ್ಯಾರೆಟ್, ಎರಡು ಈರುಳ್ಳಿ, ಒಂದು ಹಿಡಿ ಕಡಲೆಬೀಜ, ಕೊನೆಯ ನಿಂಬೆಹಣ್ಣು. ಡಾಕ್ಟರ ಹೆಂಡತಿ ಹತ್ತೇ ನಿಮಿಷದಲ್ಲಿ ಚಿತ್ರಾನ್ನ ಮಾಡಿದರು. ಮೇಟ್ ಹುಡುಗಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಚಾಕೊಲೇಟ್ ಚೂರು ಉದುರಿಸಿಕೊಂಡು ತಿನ್ನುವವಳು, ಆ ದಿನ ಚಿತ್ರಾನ್ನವನ್ನು ಎರಡು ಸಲ ಬಡಿಸಿಕೊಂಡಳು.

ಬಂದರಿನ ಬಾಯಿ ದಾಟಿ ಹಾಯಿ ಏರಿಸಿದೆವು. ಗಾಳಿ ಜೋರಿದ್ದದ್ದರಿಂದ ದೊಡ್ಡ ಹಾಯಿಯ ಕೆಳಗಿನ ಪಟ್ಟಿಯನ್ನು ಮಡಚಿ ಕಟ್ಟಿ ಕಿರಿದು ಮಾಡಿದರು. ನಾಲ್ವರು ಒಂದೇ ಹಗ್ಗಕ್ಕೆ ಜೋತುಬಿದ್ದೆವು. ಸ್ಕಿಪ್ಪರ್ ಎಂಜಿನ್ ಆರಿಸಿದರು. ನಿನ್ನೆ ಇಡೀ ದಿನ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದ ಸದ್ದು ಹೋಗಿ, ನೀರು ಕಬ್ಬಿಣಕ್ಕೆ ಬಡಿಯುವ ಸದ್ದೊಂದೇ ಉಳಿಯಿತು.

ಗಾಳಿಗೆ ಎದುರಾಗಿ ಯಾವ ಹಾಯಿ ಹಡಗೂ ನೇರ ಹೋಗುವುದಿಲ್ಲ. ಓರೆಯಾಗಿ ಒಂದು ಕಡೆ ಸಾಗಬೇಕು, ತಿರುಗಿ ಇನ್ನೊಂದು ಕಡೆ ಓರೆಯಾಗಿ ಸಾಗಬೇಕು, ಘಾಟಿ ಏರುವ ರಸ್ತೆಯ ಹಾಗೆ. ಮೊದಲು ಪಡುವಣಕ್ಕೆ ಹೋಗಿ ಆ ಹೆಂಗಸಿನ ಮರಳಿನಿಂದ ದೂರವಾದೆವು. ಆಮೇಲೆ ತಿರುಗುವ ಹೊತ್ತು ಬಂತು.

“ಕ್ಲಾರ್ ಓಮ್ ತೆ ವೆಂದೆನ್!” ಅಂತ ಸ್ಕಿಪ್ಪರ್ ಕೂಗಿದರು. ತಿರುಗಲು ತಯಾರಾಗಿ ಅಂತ ಅರ್ಥ. ಎಲ್ಲರೂ ಅವರವರ ಜಾಗದಲ್ಲಿ ನಿಂತೆವು. “ರೇ!” ಅಂದ ಕೂಡಲೇ ಚುಕ್ಕಾಣಿ ತಿರುಗಿತು. ಹಡಗಿನ ಮೂಗು ಗಾಳಿಗೆ ಬಂತು, ಹಾಯಿಗಳು ಪಟಪಟ ಒದರಾಡಿದವು. ಮುಂದಿನ ಹಾಯಿಯ ಹಗ್ಗವನ್ನು ಬೆಂಗಳೂರಿನ ಇಬ್ಬರು ಒಂದು ಬದಿಯಲ್ಲಿ ಬಿಟ್ಟರು, ಇನ್ನೊಂದು ಬದಿಯಲ್ಲಿ ಎಳೆದರು. ಈ ಬದಿಯ ಕತ್ತಿ ಇಳಿಸುವುದು ನನ್ನ ಮತ್ತು ಮೇಷ್ಟ್ರ ಕೆಲಸ. ಆ ಬದಿಯದನ್ನು ಎತ್ತುವುದು ಡಾಕ್ಟ್ರದ್ದು. ರಾಟೆಯ ಹಿಡಿ ತಿರುಗಿಸಿ ತಿರುಗಿಸಿ ಅವನ ತೋಳು ಸೋತುಹೋಗುತ್ತಿತ್ತು. “ಭಾಳ ಭಾರ ಐತಿ, ಆದ್ರ ಬಿಡಂಗಿಲ್ಲ” ಅನ್ನುತ್ತಾ ಪ್ರತಿ ಸಲವೂ ಎತ್ತಿದ. ಎಂಕ್‌ಹೌಜೆನ್ ಮುಟ್ಟುವುದರೊಳಗೆ ಆರು ಸಲ ಹೀಗೆ ತಿರುಗಿದೆವು. ಮೊದಲ ಸಲ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದೆವು. ಮೂರನೆಯ ಸಲಕ್ಕೆ ಯಾರೂ ಯಾರನ್ನೂ ಕೂಗಬೇಕಾಗಲಿಲ್ಲ.

ಐಸೆಲ್ಮೇರ್ ಆಳವಿಲ್ಲ. ಬಹಳ ಕಡೆ ನಾಲ್ಕೈದು ಮೀಟರ್ ಅಷ್ಟೇ. ಅದಕ್ಕೇ ಅಲೆಗಳು ಗಿಡ್ಡ, ಕಡಿದು, ಒಂದರ ಹಿಂದೆ ಒಂದು. ಮೂಗು ಒಂದು ಅಲೆಯಿಂದ ಏಳುವಷ್ಟರಲ್ಲಿ ಇನ್ನೊಂದಕ್ಕೆ ಬಡಿದು ನೀರು ಡೆಕ್ಕಿನ ಮೇಲೆಲ್ಲ ಹಾರುತ್ತಿತ್ತು. ತುಟಿ ನೆಕ್ಕಿದರೆ ಉಪ್ಪಿಲ್ಲ. ಮುಖಕ್ಕೆ ಸಮುದ್ರ ಬಡಿದ ಹಾಗೆ, ಬಾಯಿಗೆ ಮಾತ್ರ ಕೆರೆಯ ನೀರು.

ಎರಡನೆಯ ತಿರುವಿನ ನಂತರ ಸ್ಕಿಪ್ಪರ್ ಅಕ್ಕನನ್ನು ಕರೆದರು. ವಾರವಿಡೀ ನಾವೆಲ್ಲ ಸರದಿಯ ಮೇಲೆ ಸ್ವಲ್ಪ ಹೊತ್ತು ಚುಕ್ಕಾಣಿ ಹಿಡಿದಿದ್ದೆವು. ಅವಳು ಮಾತ್ರ ಪ್ರತಿ ಸಲವೂ “ನೀವು ಹಿಡೀರಿ” ಅಂತ ಹಿಂದೆ ಸರಿಯುತ್ತಿದ್ದಳು. ಈ ಸಲ ಸರಿಯಲಿಲ್ಲ. ಚುಕ್ಕಾಣಿಯ ಹಿಡಿ ಅಂದರೆ ತೊಡೆಯಷ್ಟು ದಪ್ಪದ ಉದ್ದ ಮರ. ಅದಕ್ಕೆ ಸೊಂಟ ಒತ್ತಿ, ಕಾಲು ಅಗಲಿಸಿ ನಿಂತಳು. ನಾನಾಗಿದ್ದರೆ ದಿಕ್ಸೂಚಿ ನೋಡುತ್ತಿದ್ದೆ. ಅವಳು ಮುಖವನ್ನು ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ಹೊರಳಿಸಿ, ಎರಡೂ ಕಿವಿಗೆ ಗಾಳಿ ಒಂದೇ ಸಮ ಕೇಳುವಲ್ಲಿ ನಿಲ್ಲಿಸಿದಳು. ಗಾಳಿ ಎಲ್ಲಿಂದ ಅನ್ನುವುದು ಹಾಗೆ ಗೊತ್ತಾಗುತ್ತದಂತೆ. ಸ್ಕಿಪ್ಪರ್ ಅದನ್ನು ನೋಡಿದರು. “ಯಾರು ಹೇಳಿಕೊಟ್ಟರು?” ಅಂತ ಕೇಳಿದರು.

“ಅಜ್ಜ.”

ಅಕ್ಕನ ಅಜ್ಜ ಮಂಜಿಯಲ್ಲಿ ಹೋಗುತ್ತಿದ್ದವರು. ಮಂಜಿ ಅಂದರೆ ನಮ್ಮ ಕರಾವಳಿಯ ಸರಕು ಹೊರುವ ಹಾಯಿ ಹಡಗು. ಹೆಂಚು ತುಂಬಿಕೊಂಡು ಮುಂಬೈವರೆಗೂ ಹೋಗುತ್ತಿದ್ದರಂತೆ. ಮಳೆಗಾಲದಲ್ಲಿ ಮಂಜಿಯನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸಿಡುತ್ತಿದ್ದರು. ಗಂಗೊಳ್ಳಿಯಲ್ಲಿ ಐದು ನದಿಗಳು ಕೂಡಿ ಸಮುದ್ರ ಸೇರುವ ಅಳಿವೆ ಇದೆ. ಅಲ್ಲಿ ಸಣ್ಣ ದೋಣಿಯಲ್ಲಿ ಕೂರಿಸಿಕೊಂಡು, ಕಣ್ಣು ಮುಚ್ಚಿಸಿ, ಗಾಳಿ ಯಾವ ಕಡೆಯಿಂದ ಹೇಳು ಅಂತ ಕೇಳುತ್ತಿದ್ದರಂತೆ. ಅವಳಿಗೆ ಆಗ ಏಳು ವರ್ಷ. ಇಷ್ಟು ವರ್ಷದ ಗೆಳೆತನದಲ್ಲಿ ಇದನ್ನು ಅವಳು ನಮಗೆ ಹೇಳಿರಲೇ ಇಲ್ಲ. ನಾವೂ ಕೇಳಿರಲಿಲ್ಲ.

ಸ್ಕಿಪ್ಪರ್ ಪಕ್ಕದಲ್ಲೇ ಕೂತರು. ಅವರ ಅಜ್ಜ ಎಂಕ್‌ಹೌಜೆನ್‌ನ ಮೀನುಗಾರ. ವಸಂತದಲ್ಲಿ ಹೆರಿಂಗ್, ಬೇಸಿಗೆಗೆ ಆಂಚೋವಿ, ಎರಡೂ ಮೊಟ್ಟೆ ಇಡಲು ಹೊರಗಿನ ಸಮುದ್ರದಿಂದ ಇಲ್ಲಿಗೆ ಬರುತ್ತಿದ್ದವು. ಒಡ್ಡು ಮುಚ್ಚಿದ ಮೇಲೆ ದಾರಿ ಮುಚ್ಚಿತು. ಮೀನುಗಾರರಿಗೆ ಪರಿಹಾರ ಕೊಡಲು 1925ರಲ್ಲೇ ಒಂದು ಕಾನೂನು ಬಂದಿತ್ತು. “ದುಡ್ಡು ಸ್ವಲ್ಪ ಬಂತು. ಅಜ್ಜ ಮೂರು ವರ್ಷ ಬಲೆಯನ್ನು ಮನೆಯ ಅಟ್ಟದಲ್ಲಿ ಇಟ್ಟುಕೊಂಡಿದ್ದರು. ಆಮೇಲೆ ಮಾರಿದರು” ಅಂದರು. ಒಡ್ಡು ತಪ್ಪು ಅಂತ ಅವರು ಹೇಳಲಿಲ್ಲ. ಅದಿಲ್ಲದಿದ್ದರೆ ಈ ಸುತ್ತಿನ ಎಷ್ಟೋ ಊರುಗಳು ಮತ್ತೆ ಮತ್ತೆ ಮುಳುಗುತ್ತಿದ್ದವು ಅಂತಲೂ ಹೇಳಿದರು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು.

“ನಿಮ್ಮ ಅಜ್ಜನ ಹಡಗು ಈಗ ಎಲ್ಲಿದೆ?” ಅಂತ ಕೇಳಿದರು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಇಲ್ಲ. ಒಡೆದು ಕಟ್ಟಿಗೆ ಮಾಡಿದರು.”

ನನಗೆ ಆ ಮಾತು ಚುಚ್ಚಿತು, ಈಗಲೂ ಚುಚ್ಚುತ್ತಿದೆ. ನಾವು ನಿಂತಿದ್ದ ಹಡಗಿಗೂ ಲಾರಿ ಬಂದ ಮೇಲೆ ಕೆಲಸ ಹೋಗಿತ್ತು. ಈ ಜಾತಿಯ ಎಷ್ಟೋ ಹಡಗುಗಳ ಹಾಯಿ ಕಂಬ ಕಿತ್ತು ಎಂಜಿನ್ ಕೂರಿಸಿದರು, ಎಷ್ಟನ್ನೋ ಗುಜರಿಗೆ ಹಾಕಿದರು. ಉಳಿದವುಗಳನ್ನು ಹಾಯಿಯ ಹುಚ್ಚಿದ್ದವರು ಕೊಂಡು, ತುಕ್ಕು ಕೆರೆದು, ಮತ್ತೆ ಕಂಬ ನಿಲ್ಲಿಸಿ, ನಮ್ಮಂಥವರನ್ನು ಹತ್ತಿಸಿಕೊಂಡು ಬದುಕಿಸಿದರು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿಗಳು ಈಗಲೂ ಸಾಮಾನು ಹೊರುತ್ತವೆ, ಆದರೆ ಎಂಜಿನ್ನಿನಲ್ಲಿ. ಹಾಯಿ ಕಟ್ಟಿದ ಒಂದೇ ಒಂದು ಮಂಜಿಯನ್ನಾದರೂ ನಾವು ನೀರಿನಲ್ಲಿ ಉಳಿಸಿಕೊಳ್ಳಬೇಕಿತ್ತು ಅಲ್ವಾ? ಅದರ ಹಗ್ಗ ಎಳೆಯಲು, ಅಳಿವೆಯಲ್ಲಿ ಗಾಳಿ ಕೇಳಿಸಿಕೊಳ್ಳಲು ನಮ್ಮ ಮಕ್ಕಳನ್ನು ಹತ್ತಿಸಬಹುದಿತ್ತು. ಹೇಳಿಕೊಡಬಲ್ಲ ಅಜ್ಜಂದಿರು ಆಗ ಇದ್ದರು.

ಉಳಿದ ನಾಲ್ಕು ತಿರುವನ್ನೂ ಅಕ್ಕನೇ ಮಾಡಿದಳು. “ಕ್ಲಾರ್ ಓಮ್ ತೆ ವೆಂದೆನ್” ಅಂತ ಅವಳಿಗೆ ಬಾಯಿಗೆ ಬರಲಿಲ್ಲ. “ಹ್ವಾಯ್, ತಿರ್ಗಿಸ್ತೆ ಕಾಣಿ!” ಅಂತ ಕೂಗಿದಳು. ಮೇಟ್ ಹುಡುಗಿಗೂ ಅರ್ಥವಾಯಿತು.

ಮಧ್ಯಾಹ್ನ ಎರಡರ ಹೊತ್ತಿಗೆ ನೀರಿನ ಅಂಚಿನಲ್ಲಿ ಮೊದಲು ಜೌಡರ್‌ಕೆರ್ಕ್ ಚರ್ಚಿನ ಗೋಪುರ ಕಂಡಿತು. ಆಮೇಲೆ ಬಂದರಿನ ಬಾಯಲ್ಲಿ ನಿಂತ ಡ್ರೊಮೆಡಾರಿಸ್, 1540ರ ಕಾವಲು ಗೋಪುರ. ಹಾಯಿ ಇಳಿಸುವ ಹೊತ್ತು. ಏರಿಸುವಾಗ ನಾಲ್ವರು ಬೇಕಾದ ಹಾಯಿ ಇಳಿಯುವಾಗ ಸರ್ರನೆ ಮಡಿಲಿಗೆ ಬಂತು. ಒದ್ದೆ ಬಟ್ಟೆಯನ್ನು ಮಡಚುತ್ತಾ, ಒತ್ತುತ್ತಾ, ಪಟ್ಟಿಯಲ್ಲಿ ಕಟ್ಟಿದೆವು. ಯಾರೂ ಮಾತಾಡಲಿಲ್ಲ.

ಕಟ್ಟೆಗೆ ಹಡಗು ಕಟ್ಟಿದ ಮೇಲೆ ಶುಚಿ ಮಾಡುವ ಕೆಲಸ. ಇಲ್ಲಿ ಅದು ಪದ್ಧತಿ, ಇಳಿಯುವವರೇ ತೊಳೆದುಕೊಟ್ಟು ಇಳಿಯಬೇಕು. ಮೇಷ್ಟ್ರು ಡೆಕ್ ಉಜ್ಜಿದರು, ಡಾಕ್ಟ್ರು ಪಾತ್ರೆ ತೊಳೆದ, ನಾನು ಕೋಣೆಗಳನ್ನು ಗುಡಿಸಿದೆ.

ಒಂದೂವರೆ ಗಂಟೆ ಉಳಿದಿತ್ತು. ಹತ್ತಿರದಲ್ಲೇ ಜೌಡರ್‌ಜೇ ವಸ್ತುಸಂಗ್ರಹಾಲಯ. ಸಮುದ್ರ ಹೋದ ಮೇಲೆ ಸುತ್ತಲಿನ ಊರುಗಳಿಂದ ಮೀನುಗಾರರ ಮನೆ, ಅಂಗಡಿಗಳನ್ನು ತಂದು ಇಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಬಯಲಿನ ಭಾಗ 1983ರಲ್ಲಿ ತೆರೆದಿದ್ದು. ಎಲ್ಲ ನೋಡಲು ಒಂದು ದಿನ ಬೇಕು. ನಾವು ಸುಣ್ಣದ ಗೂಡುಗಳ ಹತ್ತಿರವೇ ನಿಂತೆವು. ಸಮುದ್ರದ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದ ಎತ್ತರದ ಗೂಡುಗಳು. “ನಮ್ಮಲ್ಲೂ ಹೀಗೇ, ಚಿಪ್ಪಿನದೇ ಸುಣ್ಣ” ಅಂತ ಅಕ್ಕ ಗೋಡೆ ಮುಟ್ಟಿ ನೋಡಿದಳು. ಬಲೆ ಒಣಗಲು ಹಾಕಿದ್ದ ಅಂಗಳದಲ್ಲಿ ತುಂಬಾ ಹೊತ್ತು ಕೂತಳು. ನಾವು ಯಾರೂ ಕರೆಯಲಿಲ್ಲ.

ಬ್ಯಾಗು ತೆಗೆದುಕೊಳ್ಳಲು ಹಡಗಿಗೆ ವಾಪಸ್ ಬಂದಾಗ ಐದೂವರೆ. ಸ್ಕಿಪ್ಪರ್ ಎಲ್ಲರ ಕೈ ಕುಲುಕಿದರು. ಅಕ್ಕನ ಅಂಗೈ ತಿರುಗಿಸಿ ಬೊಬ್ಬೆ ಎದ್ದ ಜಾಗ ನೋಡಿ ತಲೆಯಾಡಿಸಿದರು. ಮೇಟ್ ಹುಡುಗಿ ಕಂಬದ ಹತ್ತಿರ ತನ್ನ ಸಂಜೆಯ ಕೆಲಸದಲ್ಲಿದ್ದಳು. ನಾವು ಸುತ್ತಿಟ್ಟ ಹಗ್ಗಗಳನ್ನು ಒಂದೊಂದಾಗಿ ಬಿಚ್ಚಿ, ಕೊಡವಿ, ಮತ್ತೆ ಸುತ್ತುತ್ತಿದ್ದಳು. ನನ್ನದನ್ನು ಬಿಚ್ಚಿದಳು. ಮೇಷ್ಟ್ರದ್ದನ್ನು, ಡಾಕ್ಟ್ರದ್ದನ್ನು ಬಿಚ್ಚಿದಳು. ದೊಡ್ಡ ಹಾಯಿಯ ಹಗ್ಗ ಅಕ್ಕ ಸುತ್ತಿದ್ದು. ಅದನ್ನು ಕೈಗೆತ್ತಿಕೊಂಡು ಒಂದು ಸಲ ತೂಗಿ ನೋಡಿದಳು. ಇದ್ದ ಹಾಗೆಯೇ ಗೂಟಕ್ಕೆ ನೇತುಹಾಕಿ, ಮುಂದಿನ ಹಗ್ಗಕ್ಕೆ ಹೋದಳು.